65,791ನೇ ಪ್ಯಾಕೆಟ್

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ, ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳ ಜೊತೆ ಸೇರಿ, ವರ್ಚುವಲ್ ನೆಟ್‌ವರ್ಕ್ ಕಾರ್ಡಿಗೆ ನಾನೊಂದು ಪುಟ್ಟ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಪ್ರೋಗ್ರಾಮ್, ಬರೆದಿದ್ದೆ. ಬೆಳಿಗ್ಗೆ ಹತ್ತಕ್ಕೆ ಚಾಲೂ ಮಾಡಿದರೆ ಅದು ಸೆಕೆಂಡಿಗೆ ಹತ್ತರಂತೆ ಪ್ಯಾಕೆಟ್‌ಗಳನ್ನು ಕಳಿಸುತ್ತಾ ಹೋಗಿ, ಹನ್ನೊಂದೂ ಐವತ್ತರ ಹೊತ್ತಿಗೆ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ದೋಷದ ಸಂದೇಶವಿಲ್ಲ, ಯಂತ್ರ ಕೆಟ್ಟ ಲಕ್ಷಣವೂ ಇಲ್ಲ. ಮೂರನೇ ಸಲವೂ ಹಾಗೆಯೇ ಆದಾಗ ಕಳಿಸಿದ ಪ್ಯಾಕೆಟ್‌ಗಳ ಲೆಕ್ಕ ನೋಡಿದೆವು. ಮೂರು ಸಲವೂ ಒಂದೇ ಸಂಖ್ಯೆ: 65,791. ಕಳಿಸಬೇಕಾದ ಪ್ಯಾಕೆಟ್‌ಗಳನ್ನು ಸಾಲಾಗಿ ಇಡುವ ನಮ್ಮ ಸರತಿಯಲ್ಲಿದ್ದ ಜಾಗಗಳು 256. ಒಬ್ಬ ಹುಡುಗಿ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿ, “ಸರ್, 256 ಕಳೀರಿ, 65,535 ಬರ್ತೈತಿ” ಎಂದಳು. 16 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಅದು. ತಪ್ಪು ಎಲ್ಲಿದೆ ಎಂಬುದು ಅಲ್ಲಿಗೆ ಗೊತ್ತಾಯಿತು. ಏಕೆ ತಪ್ಪು ಎಂದು ತಿಳಿಯಲು ಮಾತ್ರ ಸರತಿಯ ಒಳಗನ್ನು ನೋಡಬೇಕು.

ಒಂದು ದೊಡ್ಡ ಸರ್ವರ್‌ನಲ್ಲಿ ಹತ್ತಾರು ವರ್ಚುವಲ್ ಯಂತ್ರಗಳು ಓಡುತ್ತಿರುತ್ತವೆ, ಪ್ರತಿಯೊಂದೂ ತನಗೊಂದು ಸ್ವಂತ ನೆಟ್‌ವರ್ಕ್ ಕಾರ್ಡ್ ಇದೆ ಎಂದೇ ತಿಳಿದಿರುತ್ತದೆ. ಆ ಕಾರ್ಡು ವಾಸ್ತವದಲ್ಲಿ ಕೆಳಗಿನ ಆತಿಥೇಯ ಯಂತ್ರದ ತಂತ್ರಾಂಶ. ಮೊದಮೊದಲು ನಿಜವಾದ ಕಾರ್ಡುಗಳ ಒಂದೊಂದು ರಿಜಿಸ್ಟರನ್ನೂ (ಕಾರ್ಡಿನೊಳಗಿನ ಪುಟ್ಟ ನಿಯಂತ್ರಣ ಖಾನೆಯನ್ನೂ) ಅನುಕರಿಸಲಾಗುತ್ತಿತ್ತು, ಅದು ಬಹಳ ನಿಧಾನ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಬರೆಯುವವರಲ್ಲೊಬ್ಬರಾದ ಆಸ್ಟ್ರೇಲಿಯಾದ ರಸ್ಟಿ ರಸೆಲ್ 2008ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ವರ್ಟಿಯೊ ಎಂಬ ವಿಧಾನ ಈ ಅನುಕರಣೆಯನ್ನು ಬಿಟ್ಟುಕೊಟ್ಟಿತು. ಅತಿಥಿ ಯಂತ್ರದ, ಅಂದರೆ ವರ್ಚುವಲ್ ಯಂತ್ರದ, ಡ್ರೈವರ್‌ಗೂ ಆತಿಥೇಯದ ಸಾಧನಕ್ಕೂ (ಆ ತಂತ್ರಾಂಶದ ಕಾರ್ಡಿಗೂ) ನಡುವೆ ಇಬ್ಬರೂ ಓದಬಲ್ಲ ಒಂದಿಷ್ಟು ಮೆಮೊರಿ ಇಟ್ಟರೆ ಸಾಕು, ಅದರ ಮೂಲಕವೇ ವ್ಯವಹಾರ ನಡೆಯುತ್ತದೆ.

ಆ ಮೆಮೊರಿಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಡಿಸ್ಕ್ರಿಪ್ಟರ್‌ಗಳ ಪಟ್ಟಿ: ಪ್ಯಾಕೆಟ್ ಯಾವ ವಿಳಾಸದಲ್ಲಿದೆ, ಎಷ್ಟು ಉದ್ದವಿದೆ ಎಂದು ಹೇಳುವ, ತಲಾ 16 ಬೈಟಿನ ನಮೂದುಗಳು. 256 ನಮೂದುಗಳೆಂದರೆ 4,096 ಬೈಟ್, ಸರಿಯಾಗಿ ಮೆಮೊರಿಯ ಒಂದು ಪುಟ. ಎರಡನೆಯದು ಅವೈಲಬಲ್ ರಿಂಗ್. “ಇಗೋ ಇಷ್ಟು ಕೆಲಸ ನಿನಗೆ” ಎಂದು ಡ್ರೈವರ್ ಬರೆಯುವ ಜಾಗ. ಮೂರನೆಯದು ಯೂಸ್ಡ್ ರಿಂಗ್. “ಇಷ್ಟು ಮುಗಿಸಿದೆ, ಬಫರ್ ವಾಪಸ್ ತೆಗೆದುಕೋ” ಎಂದು ಸಾಧನ ಬರೆಯುವ ಜಾಗ. ಬಫರ್ ಎಂದರೆ ಪ್ಯಾಕೆಟ್ ಇಡುವ ಮೆಮೊರಿಯ ತುಣುಕು. ಎರಡು ರಿಂಗ್‌ಗಳಿಗೂ ಒಂದೊಂದು 16 ಬಿಟ್‌ನ ಎಣಿಕೆ ಇರುತ್ತದೆ. ಅದು ಏರುತ್ತಲೇ ಹೋಗಿ 65,535ರ ನಂತರ ಮತ್ತೆ ಸೊನ್ನೆಗೆ ಬರುತ್ತದೆ.

ಈ ಏರ್ಪಾಡಿನಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿಯೆಂದರೆ, ಸರತಿಯ ಸ್ಥಿತಿ ಇಂಥದ್ದು ಎಂದು ಪೂರ್ತಿಯಾಗಿ ಬರೆದಿಟ್ಟ ಜಾಗವೇ ಎಲ್ಲಿಯೂ ಇಲ್ಲ. ಅರ್ಧ ಡ್ರೈವರ್ ಬಳಿ, ಅರ್ಧ ಸಾಧನದ ಬಳಿ. ಒಬ್ಬರ ರಿಂಗಿಗೆ ಇನ್ನೊಬ್ಬರು ಬರೆಯುವಂತಿಲ್ಲ, ಓದಬಹುದಷ್ಟೆ. ಹಾಗಾಗಿ ಇಬ್ಬರ ನಡುವೆ ಬೀಗದ ಅಗತ್ಯವೇ ಬೀಳುವುದಿಲ್ಲ. ಆದರೆ ಬರೆಯುವ ಕ್ರಮದಲ್ಲಿ ಸಡಿಲ ಬಿಡುವಂತಿಲ್ಲ. ಡ್ರೈವರ್ ಮೊದಲು ಡಿಸ್ಕ್ರಿಪ್ಟರ್ ತುಂಬಬೇಕು, ಆಮೇಲೆ ರಿಂಗಿನಲ್ಲಿ ಅದರ ಸಂಖ್ಯೆ ಬರೆಯಬೇಕು, ಕೊನೆಗೆ ಎಣಿಕೆಯನ್ನು ಏರಿಸಬೇಕು. ಇಂದಿನ ಪ್ರೊಸೆಸರ್‌ಗಳು ವೇಗಕ್ಕಾಗಿ ಬರೆಯುವ ಕ್ರಮವನ್ನೇ ಹಿಂದುಮುಂದು ಮಾಡುವುದುಂಟು. ಎಣಿಕೆ ಮೊದಲು ಕಾಣಿಸಿ ಡಿಸ್ಕ್ರಿಪ್ಟರ್ ತಡವಾಗಿ ಕಾಣಿಸಿದರೆ, ಸಾಧನವು ಹಳೆಯ ವಿಳಾಸವನ್ನೇ ಹೊಸದೆಂದು ನಂಬಿ ಯಾವುದೋ ಸಂಬಂಧವಿಲ್ಲದ ಮೆಮೊರಿಯನ್ನು ತಂತಿಯ ಮೇಲೆ ಕಳಿಸಿಬಿಡುತ್ತದೆ. ಇದನ್ನು ತಡೆಯಲು ನಡುವೆ ಮೆಮೊರಿ ಬ್ಯಾರಿಯರ್ ಎಂಬ ಆದೇಶ ಇಡುತ್ತಾರೆ; ಅದರ ಮೇಲಿನ ಬರಹವೆಲ್ಲ ಎದುರಿನವರಿಗೆ ಕಾಣಿಸಿದ ಮೇಲೆಯೇ ಕೆಳಗಿನದು ಕಾಣಿಸುತ್ತದೆ.

ನಮ್ಮ ತಪ್ಪು ಅದಕ್ಕಿಂತ ಸರಳವಾದದ್ದು. ಸಾಧನದ ಎಣಿಕೆ ನಾವು ಹಿಂದೆ ನೋಡಿದ ಸಂಖ್ಯೆಗಿಂತ ದೊಡ್ಡದಾಗಿದ್ದರೆ ಮಾತ್ರ ಬಫರ್ ವಾಪಸ್ ತೆಗೆದುಕೊಳ್ಳಬೇಕು ಎಂದು ಬರೆದಿದ್ದೆವು. ನಾವು 65,535 ನೋಡಿ ಮುಗಿಸಿದ್ದೆವು, ಮುಂದಿನ ಪ್ಯಾಕೆಟ್ ಮುಗಿದಾಗ ಸಾಧನದ ಎಣಿಕೆ ಸೊನ್ನೆಯಾಯಿತು. ಸೊನ್ನೆ ದೊಡ್ಡದಲ್ಲವಲ್ಲ! ಡ್ರೈವರ್ ಇನ್ನು ಯಾವ ಬಫರನ್ನೂ ಹಿಂದಕ್ಕೆ ಪಡೆಯಲಿಲ್ಲ, 256 ಜಾಗಗಳೂ ತುಂಬಿದವು, ಸರತಿ ನಿಂತಿತು. ಎರಡು ಎಣಿಕೆಗಳನ್ನು ಹೋಲಿಸದೆ, 16 ಬಿಟ್‌ಗಳೊಳಗೇ ಒಂದರಿಂದ ಇನ್ನೊಂದನ್ನು ಕಳೆದರೆ 0 ಮತ್ತು 65,535ರ ವ್ಯತ್ಯಾಸ ಸರಿಯಾಗಿ 1 ಎಂದು ಬರುತ್ತದೆ.

ಡ್ರೈವರ್ ನಿಲ್ಲುವವರೆಗಿನ ಆ ಒಂದು ಗಂಟೆ ಐವತ್ತು ನಿಮಿಷದಲ್ಲಿ ನಾವು ಬೆಣ್ಣೆ ದೋಸೆ ತಿನ್ನಲು ಹೋಗುತ್ತಿದ್ದೆವು, ಇನ್ನೊಂದು ಸೂಕ್ಷ್ಮ ವಿಷಯವನ್ನು ನಾನು ಅವರಿಗೆ ವಿವರಿಸಿದ್ದು ಅಲ್ಲಿಯೇ. ಒಲೆಯ ಮುಂದೆ ದೋಸೆ ಹಾಕುವವರು ಕೈತುಂಬ ಕೆಲಸವಿದ್ದಾಗ “ಪ್ರತಿ ಚೀಟಿಗೂ ನನ್ನನ್ನು ಕೂಗಬೇಡ, ಇಟ್ಟು ಹೋಗು, ನಾನೇ ನೋಡಿಕೊಳ್ಳುತ್ತೇನೆ” ಎಂದು ಸಪ್ಲೈಯರ್‌ಗೆ ಹೇಳಿದ್ದಾರೆ ಎಂದುಕೊಳ್ಳಿ. ಚೀಟಿಗಳೆಲ್ಲ ಮುಗಿದವು. ಚೀಟಿ ಇಡುವ ತಟ್ಟೆ ಖಾಲಿ ಎಂದು ನೋಡಿ, “ಇನ್ನು ಮೇಲೆ ಕೂಗು” ಎಂದು ಹೇಳಿ ಅವರು ಕುಳಿತುಕೊಳ್ಳುತ್ತಾರೆ. ಆದರೆ ತಟ್ಟೆ ನೋಡಿದ್ದಕ್ಕೂ ಮಾತು ಹೇಳಿದ್ದಕ್ಕೂ ನಡುವಿನ ಕ್ಷಣದಲ್ಲಿ ಸಪ್ಲೈಯರ್ ಹಳೆಯ ಮಾತಿನಂತೆ ಕೂಗದೆಯೇ ಒಂದು ಚೀಟಿ ಇಟ್ಟು ಹೋಗಿದ್ದರೆ? ದೋಸೆ ಹಾಕುವವರು ಕೂಗಿಗಾಗಿ ಕಾಯುತ್ತಾರೆ, ಸಪ್ಲೈಯರ್ ದೋಸೆಗಾಗಿ ಕಾಯುತ್ತಾರೆ. ಡ್ರೈವರ್ ಇಂಟರಪ್ಟ್‌ಗಳನ್ನು, ಅಂದರೆ ಸಾಧನ ತನ್ನನ್ನು ಕೂಗುವುದನ್ನು, ನಿಲ್ಲಿಸಿ ಮತ್ತೆ ಆರಂಭಿಸುವಾಗಲೂ ಇದೇ ಅಪಾಯವಿದೆ. ಆದ್ದರಿಂದ “ಇನ್ನು ಮೇಲೆ ಕೂಗು” ಎಂದ ನಂತರ ತಟ್ಟೆಯನ್ನು ಇನ್ನೊಮ್ಮೆ ನೋಡಲೇಬೇಕು, ಆ ಎರಡರ ನಡುವೆ, ಬರೆಯುವುದನ್ನೂ ಓದುವುದನ್ನೂ ಕ್ರಮದಲ್ಲಿಡುವ ಪೂರ್ಣ ಬ್ಯಾರಿಯರ್ ಕೂಡ ಇರಬೇಕು.

ಸರತಿ ಓಡುತ್ತಿರುವಾಗಿನ ಕಷ್ಟಗಳು ಇವು. ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆ ಬರುವುದು ನಿಲ್ಲಿಸುವಾಗ ಮತ್ತು ಮರಳಿ ಆರಂಭಿಸುವಾಗ. ಸಾಧನ ಇನ್ನೂ ಕೆಲಸ ಮಾಡುತ್ತಿರುವಾಗಲೇ ಡ್ರೈವರ್ ಬಫರ್‌ಗಳನ್ನು ಬಿಡುಗಡೆ ಮಾಡಿದರೆ, ಆ ಮೆಮೊರಿ ಬೇರೆ ಯಾವುದೋ ಪ್ರೋಗ್ರಾಮಿನ ಪಾಲಾಗಿ, ಮುಂದೆ ಬರುವ ಪ್ಯಾಕೆಟ್ ಅದರ ಮೇಲೆ ಬರೆದುಬಿಡುತ್ತದೆ. ಆದ್ದರಿಂದ ಮೊದಲು ಮೇಲಿನಿಂದ ಬರುವ ಪ್ಯಾಕೆಟ್‌ಗಳನ್ನು ತಡೆದು, ಸಾಧನದ ಸ್ಥಿತಿ ರಿಜಿಸ್ಟರಿಗೆ ಸೊನ್ನೆ ಬರೆದು, ಅದನ್ನು ಓದಿದಾಗ ಸೊನ್ನೆಯೇ ಬರುವವರೆಗೆ ಕಾದು, ಆಮೇಲಷ್ಟೇ ಬಫರ್‌ಗಳನ್ನು ಮುಟ್ಟಬೇಕು. ರೀಸೆಟ್ ಆದ ಸಾಧನ ಹಿಂದಿನದನ್ನೆಲ್ಲ ಮರೆತಿರುತ್ತದೆ. ಕಳಿಸಲು ಒಂದು, ಪಡೆಯಲು ಒಂದು ಎಂಬಂತೆ ನಾಲ್ಕು ಜೋಡಿ ಸರತಿಗಳನ್ನು ಬಳಸುತ್ತಿದ್ದ ಯಂತ್ರ ನಿದ್ದೆಯಿಂದ ಎದ್ದಾಗ ಡ್ರೈವರ್ ನೆನಪಿನಲ್ಲಿ ನಾಲ್ಕೇ ಇರುತ್ತದೆ, ಸಾಧನದ ಲೆಕ್ಕದಲ್ಲಿ ಒಂದೇ. ಜೋಡಿಗಳು ನಾಲ್ಕು ಎಂದು, ಸಾಧನಕ್ಕೆ ಸೂಚನೆ ಕೊಡಲೆಂದೇ ಇರುವ ನಿಯಂತ್ರಣ ಸರತಿಯ ಮೂಲಕ ಮತ್ತೊಮ್ಮೆ ಹೇಳದಿದ್ದರೆ, ಕೆಲವು ಸಂಪರ್ಕಗಳು ಚೆನ್ನಾಗಿ ನಡೆದು ಕೆಲವು ಮಾತ್ರ ಸ್ತಬ್ಧವಾಗಬಹುದು; ಯಾವ ಸಂಪರ್ಕ ಯಾವ ಸರತಿಯ ಪಾಲಿಗೆ ಬಿತ್ತು ಎಂಬುದರ ಮೇಲೆ ಅದು ನಿಂತಿರುತ್ತದೆ. ಸಾಧನ ಒಪ್ಪಿದ ಮೇಲೆಯೇ ಡ್ರೈವರ್ ತನ್ನ ಸಂಖ್ಯೆಯನ್ನು ಬದಲಿಸಬೇಕು. ಸಾಧನ ನಿರಾಕರಿಸಿದರೆ ಹಳೆಯ ಸಂಖ್ಯೆಯಲ್ಲೇ ಉಳಿಯಬೇಕು. ಒಂದೇ ಒಂದು ಸರತಿಯನ್ನು ಪ್ರತ್ಯೇಕವಾಗಿ ರೀಸೆಟ್ ಮಾಡುವ ಅವಕಾಶ ವರ್ಟಿಯೊ ಮಾನಕಕ್ಕೆ ಬಂದದ್ದು 2022ರ 1.2ನೇ ಆವೃತ್ತಿಯಲ್ಲಿ.

ಇದಕ್ಕಿಂತ ದೊಡ್ಡ ಪರೀಕ್ಷೆ, ಓಡುತ್ತಿರುವ ವರ್ಚುವಲ್ ಯಂತ್ರವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವುದು. ಮೂರೂ ಭಾಗಗಳು ಅತಿಥಿಯ ಮೆಮೊರಿಯಲ್ಲೇ ಇರುವುದರಿಂದ ಅದರ ಜೊತೆಗೇ ಸಾಗುತ್ತವೆ. ಆದರೆ ಅವೈಲಬಲ್ ರಿಂಗನ್ನು ತಾನು ಎಲ್ಲಿಯವರೆಗೆ ಓದಿದ್ದೇನೆ ಎಂಬ ಸಂಖ್ಯೆ ಸಾಧನದ ತಲೆಯೊಳಗಿದೆ, ಹಂಚಿಕೊಂಡ ಮೆಮೊರಿಯಲ್ಲಿ ಇಲ್ಲ. ಒಲೆಯ ಮುಂದೆ ಆಳು ಬದಲಾದಾಗ ಬಂದವನು “ಎಲ್ಲಿ ತನಕ ಆಗೇತಣ್ಣ?” ಎಂದು ಕೇಳುವುದು ಇದನ್ನೇ. ಆತಿಥೇಯದ ಕರ್ನೆಲ್ ಒಳಗೇ ಸಾಧನದ ಕೆಲಸ ಮಾಡುವ, ಲಿನಕ್ಸ್‌ನ ವಿಹೋಸ್ಟ್ ಎಂಬ ಭಾಗದಲ್ಲಿ, ಹಳೆಯ ಸಾಧನವನ್ನು ನಿಲ್ಲಿಸಿದ ಮೇಲೆ ಈ ಸಂಖ್ಯೆಯನ್ನು ಕೇಳಿ ಪಡೆಯುವ ಒಂದು ಆದೇಶವಿದೆ, ಹೊಸದಕ್ಕೆ ಅದನ್ನು ಕೊಡುವ ಇನ್ನೊಂದು ಆದೇಶವಿದೆ.

ಆ ಎರಡನೆಯ ಆದೇಶ ನಮಗೆ ಅನಿರೀಕ್ಷಿತವಾಗಿ ನೆರವಾಯಿತು. ಲಿನಕ್ಸ್ ಕರ್ನೆಲ್ ತನ್ನ ಕಾಲದ ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದಿಲ್ಲ. ಯಂತ್ರ ಎದ್ದ ಐದೇ ನಿಮಿಷಕ್ಕೆ 32 ಬಿಟ್‌ನ ಎಣಿಕೆ ಸುತ್ತು ಮುಗಿಸುವಂತೆ ಬೇಕೆಂದೇ ಹಿಂದಿನಿಂದ ಆರಂಭಿಸುತ್ತದೆ, ಇಂಥ ತಪ್ಪುಗಳು ಬೇಗ ಹೊರಬೀಳಲಿ ಎಂದು. ನಾವೂ ಹಾಗೆಯೇ, ಸರತಿಯನ್ನು ಬೇರೆಡೆಯಿಂದ ಸಾಗಿಬಂದದ್ದೆಂದು ಸಾಧನವನ್ನು ನಂಬಿಸಿ, ಎಲ್ಲ ಎಣಿಕೆಗಳನ್ನೂ 65,530ರಿಂದ ಆರಂಭಿಸಿದೆವು. ಹಳೆಯ ಡ್ರೈವರ್ ಇಪ್ಪತ್ತಾರೇ ಸೆಕೆಂಡಿನಲ್ಲಿ, 261ನೇ ಪ್ಯಾಕೆಟ್ಟಿಗೆ ನಿಂತಿತು. ತಿದ್ದಿದ ಡ್ರೈವರ್ ಅದನ್ನು ದಾಟಿ ಹೋಯಿತು, ಆ ದಿನ ಸಂಜೆ ನಾವು ಪ್ರಯೋಗಾಲಯದ ಬಾಗಿಲು ಹಾಕುವಾಗಲೂ ಓಡುತ್ತಿತ್ತು.