ಓದುಗರ ಪ್ರಶ್ನೆ: ಹುಳುಕಿನ ಬ್ಯಾಕ್ಟೀರಿಯಾ ಎಲ್ಲರ ಬಾಯಲ್ಲೂ ಇದ್ದರೆ ನನ್ನ ಹಲ್ಲು ಮಾತ್ರ ಯಾಕೆ ಹುಳುಕಾಗುತ್ತೆ?

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ರಾತ್ರಿ ಬ್ರಷ್ಷೇ ಮುಟ್ಟದ ಗಂಡನಿಗೆ ಒಂದೂ ಹುಳುಕಿಲ್ಲ, ಎರಡು ಹೊತ್ತು ಉಜ್ಜುವ ಹೆಂಡತಿಯ ದವಡೆ ಹಲ್ಲು ಹೋಯಿತು. ಅಣ್ಣನಿಗಿಲ್ಲದ ಹುಳುಕು ತಂಗಿಗೆ ಬಂತು. ಹಲ್ಲಿನ ರಚನೆ, ಜೊಲ್ಲಿನ ಪ್ರಮಾಣ ಇವೂ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೆ ಹುಳುಕು ಎಲ್ಲಿಂದಲೋ ಬಂದು ಸೇರಿದ ಒಂದು ರೋಗಾಣುವಿನ ಕೆಲಸವಲ್ಲ. ಬಾಯಲ್ಲಿ ಮೊದಲಿಂದಲೂ ಇರುವ ಬ್ಯಾಕ್ಟೀರಿಯಾಗಳ ಪೈಕಿ ಯಾವುದರ ಕೈ ಮೇಲಾಯಿತು ಎಂಬುದೇ ಇಲ್ಲಿ ಮುಖ್ಯ.

ಬೆಳಗ್ಗೆ ಹಲ್ಲುಜ್ಜುವ ಮೊದಲು ಒಸಡಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ತೆಳು ಹಳದಿ ಬಣ್ಣದ ಜಿಗುಟು ಉಗುರಿಗೆ ಮೆತ್ತಿಕೊಳ್ಳುತ್ತದೆ. ರಾತ್ರಿ ಉಂಡ ಅನ್ನ ಅಲ್ಲ ಅದು, ಬ್ಯಾಕ್ಟೀರಿಯಾಗಳೇ ಕಟ್ಟಿದ ಪದರ. ದಂತವೈದ್ಯರು ಪ್ಲಾಕ್ ಅನ್ನುವುದು ಇದಕ್ಕೇ. ಒಂದು ಮಿಲಿಗ್ರಾಂನಲ್ಲಿ ಹತ್ತಿರ ಹತ್ತಿರ 10 ಕೋಟಿ ಜೀವಿಗಳು. ಮನುಷ್ಯರ ಬಾಯಲ್ಲಿ ಇದುವರೆಗೆ 700ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ.

1924ರಲ್ಲಿ ಲಂಡನ್ನಿನಲ್ಲಿ ಕಿಲಿಯನ್ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಮುಂದೆ ಹಲವು ದಶಕ ಅಪವಾದವೆಲ್ಲ ಅದರ ತಲೆಗೇ ಬಂತು. ಕಾರಣವಿಲ್ಲದೆ ಅಲ್ಲ: ಅದು ಸಕ್ಕರೆಯಿಂದ ಆಮ್ಲ ಮಾಡುತ್ತದೆ, ಅದೇ ಸಕ್ಕರೆಯಿಂದ ಹಲ್ಲಿಗೆ ಅಂಟಿಕೊಳ್ಳಲು ಗೋಂದೂ ಮಾಡಿಕೊಳ್ಳುತ್ತದೆ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವುದನ್ನು ಬಿಟ್ಟು ನೇರವಾಗಿ ಡಿಎನ್ಎ ಓದತೊಡಗಿದ ಮೇಲೆ ಚಿತ್ರ ಬದಲಾಯಿತು. ಹುಳುಕಿನ ಗುಳಿಯಲ್ಲೂ ಮ್ಯೂಟನ್ಸ್ ಎಷ್ಟೋ ಸಲ ನೂರಕ್ಕೆ ಒಂದೆರಡು ಪಾಲು ಮಾತ್ರ. 2008ರ ಒಂದು ಅಧ್ಯಯನದಲ್ಲಂತೂ ಬಾಯಿ ತುಂಬ ಹುಳುಕಿದ್ದವರಲ್ಲಿ ಸುಮಾರು 10% ಜನರಲ್ಲಿ ಅದು ಪತ್ತೆಯೇ ಆಗಲಿಲ್ಲ.

ಹಾಗಾದರೆ ಗುಳಿಯಲ್ಲಿ ಇರುವುದು ಯಾವುವು? ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ, ಚಿಕ್ಕ ಮಕ್ಕಳಲ್ಲಿ ಸ್ಕಾರ್ಡೋವಿಯಾ ವಿಗ್ಸಿಯೇ. ಮೊದಲೆರಡು ಮೊಸರು, ಪ್ರೊಬಯೋಟಿಕ್ ಜಾಹೀರಾತುಗಳಲ್ಲಿ ಒಳ್ಳೆಯ ಹೆಸರು ಗಳಿಸಿದ ಕುಲದವೇ! ಇವೆಲ್ಲಕ್ಕೂ ಇರುವ ಸಮಾನ ಗುಣ ಎಂದರೆ, ಆಮ್ಲ ಹೊರಹಾಕುವುದಷ್ಟೇ ಅಲ್ಲ, ಆ ಆಮ್ಲದಲ್ಲೇ ಬದುಕಬಲ್ಲವು. ಗುಳಿ ಆಳವಾದಷ್ಟೂ ತಡೆಯಲಾರದ ಬಗೆಗಳು ಕಳೆದುಹೋಗಿ ಉಳಿದವುಗಳ ವೈವಿಧ್ಯ ಕಡಿಮೆಯಾಗುತ್ತದೆ.

ಗಟ್ಟಿ ಹಲ್ಲಿನ ಮೇಲಿನ ಪ್ಲಾಕ್‌ನಲ್ಲಿ ನೈಸೀರಿಯಾ, ರೋಥಿಯಾ, ಕೋರಿನೆಬ್ಯಾಕ್ಟೀರಿಯಂ, ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್ ಇಂಥವು ಹೆಚ್ಚು. ಸ್ಯಾಂಗ್ವಿನಿಸ್ ಕೂಡ ಸಕ್ಕರೆ ತಿಂದು ಆಮ್ಲ ಮಾಡುವುದೇ. ಆದರೆ ಜೊಲ್ಲಿನಲ್ಲಿ ಸಿಗುವ ಆರ್ಜಿನಿನ್ ಎಂಬ ಪ್ರೋಟೀನಿನ ಅಂಶವನ್ನು ಒಡೆದು ಅಮೋನಿಯಾ ಮಾಡಿ ಆ ಆಮ್ಲವನ್ನು ಶಮನಗೊಳಿಸುತ್ತದೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ಮ್ಯೂಟನ್ಸ್ ಹಬ್ಬದಂತೆ ನೋಡಿಕೊಳ್ಳುತ್ತದೆ. ಈ ಅಂತರ ಕಾಣಲು ಇಬ್ಬರು ಬೇಕಿಲ್ಲ. ಒಂದೇ ಮಗುವಿನ ಬಾಯಲ್ಲಿ ಹುಳುಕಾದ ಹಲ್ಲಿನ ಪ್ಲಾಕ್ ಬೇರೆ, ಗಟ್ಟಿಯಾಗಿರುವ ಹಲ್ಲಿನದು ಬೇರೆ.

1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಇದರ ಪರಿಣಾಮವನ್ನು ಅಳೆದೇ ತೋರಿಸಿದ್ದರು. ಗ್ಲೂಕೋಸ್ ನೀರಲ್ಲಿ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಪ್ಲಾಕ್‌ನ ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಹೆಚ್ಚು) ಧಡಕ್ಕನೆ ಇಳಿದು, ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮೇಲೇರಿತು. ಮುಕ್ಕಳಿಸಿದ್ದು ಒಂದೇ ನೀರಾದರೂ ಹುಳುಕಿಲ್ಲದವರಲ್ಲಿ ಇಳಿತ ಕಡಿಮೆ, ಹುಳುಕು ಹೆಚ್ಚಿದ್ದವರಲ್ಲಿ ಜಾಸ್ತಿ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಸುಣ್ಣದಂಶ ಕರಗತೊಡಗುತ್ತದೆ.

ದಿನಕ್ಕೆ ಮೂರು ಸಲ ಇಳಿದರೆ ಜೊಲ್ಲು ಅದನ್ನು ಸರಿಮಾಡಿಕೊಳ್ಳುತ್ತದೆ. ಕಾಫಿ, ಬಿಸ್ಕತ್ತು, ಮತ್ತೆ ಕಾಫಿ, ಆಮೇಲೊಂದು ಚಾಕಲೇಟ್ ಎಂದು ಹತ್ತು ಸಲವಾದರೆ ಪ್ಲಾಕ್ ಹೆಚ್ಚು ಹೊತ್ತು ಹುಳಿಯಾಗಿಯೇ ಉಳಿಯುತ್ತದೆ. ನೀರು ನಿಂತ ಗದ್ದೆಯಲ್ಲಿ ಜೊಂಡನ್ನು ಯಾರೂ ನೆಡುವುದಿಲ್ಲ, ಆದರೂ ಅದೇ ಬೆಳೆಯುತ್ತದೆ. ಆಮ್ಲ ತಾಳುವ ಬ್ಯಾಕ್ಟೀರಿಯಾಗಳ ಕಥೆಯೂ ಅಷ್ಟೆ. ಬ್ರಿಟನ್ನಿನ ಫಿಲಿಪ್ ಮಾರ್ಷ್ 1990ರ ದಶಕದಲ್ಲಿ ಮುಂದಿಟ್ಟ ವಾದದ ತಿರುಳು ಇದು. ಹಾಗಾಗಿ ಎಷ್ಟು ಸಿಹಿ ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎಂದು ನಾನು ಮೊದಲು ಕೇಳುತ್ತೇನೆ. ಬೆಲ್ಲ ಆದರೆ ಪರವಾಗಿಲ್ಲ ಎನ್ನುವವರಿಗೂ ಒಂದು ಮಾತು: ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ಮೇಲಾಗಿ ಅಂಟು. ಎಲ್ಲಕ್ಕಿಂತ ಕೆಟ್ಟದ್ದು ಮಗುವಿನ ಬಾಯಲ್ಲಿ ಸಿಹಿ ಹಾಲಿನ ಬಾಟಲಿ ಇಟ್ಟು ಮಲಗಿಸುವುದು. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರ ಕಡಿಮೆಯಾಗುವುದರಿಂದ ಆಮ್ಲವನ್ನು ತೊಳೆಯುವವರೇ ಇರುವುದಿಲ್ಲ.

ಮೌತ್‌ವಾಶ್‌ನಿಂದ ಎಲ್ಲವನ್ನೂ ಕೊಂದುಬಿಟ್ಟರೆ? ಕ್ಲೋರ್‌ಹೆಕ್ಸಿಡಿನ್ ಎಂಬ ಮೌತ್‌ವಾಶ್ ಔಷಧ ಒಳ್ಳೆಯದನ್ನೂ ಕೊಲ್ಲುತ್ತದೆ, ಹಲ್ಲಿಗೆ ಕಂದು ಕಲೆ ಬಿಡುತ್ತದೆ, ತಿನ್ನುವ ರೀತಿ ಬದಲಾಗದಿದ್ದರೆ ಅವೇ ಬ್ಯಾಕ್ಟೀರಿಯಾ ಮತ್ತೆ ಬರುತ್ತವೆ. ದಿನನಿತ್ಯಕ್ಕೆ ಫ್ಲೋರೈಡ್ ಪೇಸ್ಟೇ ವಾಸಿ. ಅದು ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗದಂತೆ ಮಾಡುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಸಾಕು.

ಒಸಡಿನ ಪಕ್ಕದಲ್ಲಿ ಸುಣ್ಣ ಬಳಿದಂಥ ಹೊಳಪಿಲ್ಲದ ಬಿಳಿ ಮಚ್ಚೆ ಕಂಡರೆ ತಡಮಾಡಬೇಡಿ. ಆ ಹಂತದಲ್ಲಿ ವೈದ್ಯರು ಕೊರೆಯುವುದಿಲ್ಲ, ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ, ಕಳೆದುಹೋದ ಖನಿಜ ಮರಳಿ ಸೇರಬಹುದು. ಗುಳಿ ಬಿದ್ದ ಮೇಲೆ ಒಳಗೆ ಬ್ರಷ್ಷೂ ತಲುಪದು, ಜೊಲ್ಲೂ ತಲುಪದು. ಆಗ ಫಿಲ್ಲಿಂಗ್ ಮಾಡಿಸಲೇಬೇಕಾಗುತ್ತದೆ.