ಕೂಸಿನ ಎದೆ ಡಬಡಬ ಅಂದರೆ ಗಾಬರಿ ಯಾಕೆ?

ಹೋದ ಭಾನುವಾರ ಸಂಜೆ ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ ಕೂತಿದ್ದೆವು. ಅಕ್ಕನ ಮಗಳಿಗೆ ನಾಲ್ಕು ವರ್ಷ. ಪಾರಿವಾಳದ ಹಿಂದೆ ಓಡುವುದು, ಬೀಳುವುದು, ಎದ್ದು ಮತ್ತೆ ಓಡುವುದು. ಹತ್ತು ನಿಮಿಷಕ್ಕೆ ನಮ್ಮ ಆಯಿ ಅವಳನ್ನು ಹಿಡಿದು ತೊಡೆ ಮೇಲೆ ಕೂರಿಸಿಕೊಂಡಳು. "ನೋಡೋ ತಮ್ಮಾ, ಕೂಸಿನ ಎದಿ ಹೆಂಗ ಹೊಡ್ಕೊಳ್ಳಾಕತ್ತದ! ಸಾಕು ಓಡಿದ್ದು" ಅಂದು ಕೈಗೆ ಮೊಬೈಲ್ ಕೊಟ್ಟಳು. ಮನೆಗೆ ಹೋದ ಮೇಲೆ ದೃಷ್ಟಿ ತೆಗೆದಿದ್ದೂ ಆಯಿತು. ದೃಷ್ಟಿಗೆ ನನ್ನ ತಕರಾರಿಲ್ಲ, ಒಂದಿಷ್ಟು ಉಪ್ಪು, ಮೆಣಸಿನಕಾಯಿ ಖರ್ಚು. ಮೊಬೈಲ್ ಕೊಟ್ಟಿದ್ದಕ್ಕೆ ಇದೆ.

ನಾನೂ ಕೂಸಿನ ಎದೆ ಮೇಲೆ ಕೈ ಇಟ್ಟು ಎಣಿಸಿದ್ದೆ. 15 ಸೆಕೆಂಡಿಗೆ 38, ಅಂದರೆ ನಿಮಿಷಕ್ಕೆ 152. ಎರಡು ನಿಮಿಷ ಬಿಟ್ಟು ಎಣಿಸಿದರೆ 108. ಈ ವಯಸ್ಸಿನ ಮಕ್ಕಳ ಎದೆ ಸುಮ್ನೆ ಕೂತಾಗಲೂ ನಿಮಿಷಕ್ಕೆ 80ರಿಂದ 120 ಸಲ ಬಡಿಯುತ್ತದೆ. ಹೃದಯ ಚಿಕ್ಕದು, ಒಂದು ಬಡಿತಕ್ಕೆ ಹೊರಗೆ ಹೋಗುವ ರಕ್ತವೂ ಕಮ್ಮಿ. ಸಣ್ಣ ಚರಿಗೆಯಿಂದ ಕೊಡ ತುಂಬಿಸುವವರು ಜಾಸ್ತಿ ಸಲ ಬಗ್ಗಬೇಕಲ್ವಾ, ಹಾಗೆ. ನನಗೆ ಖುಷಿ ಕೊಟ್ಟಿದ್ದು ಎರಡನೆಯ ಲೆಕ್ಕ. ಓಟ ನಿಂತ ಮೇಲೆ ಬಡಿತ ಎಷ್ಟು ಬೇಗ ಇಳಿಯುತ್ತದೆ ಅನ್ನುವುದರ ಮೇಲೆ ಹೃದಯದ ಕಸುವು ಗೊತ್ತಾಗುತ್ತದೆ.

"ದೇವರು ಬಡಿತ ಎಣಿಸಿಯೇ ಕಳಿಸಿರ್ತಾನ, ಓಡಿ ಖರ್ಚು ಮಾಡಬಾರದು" ಅನ್ನುವವರೂ ನಮ್ಮ ಕಡೆ ಇದ್ದಾರೆ. ಸರಿ, ದೊಡ್ಡವರ ಲೆಕ್ಕವನ್ನೇ ಹಾಕೋಣ. ದಿನಕ್ಕೆ ಒಂದು ತಾಸು ಓಡುವವನು 4,000 ಬಡಿತ ಜಾಸ್ತಿ ಖರ್ಚು ಮಾಡಿದ ಅಂದುಕೊಳ್ಳಿ. ಓಟದ ರೂಢಿಯಿಂದ ಅವನ ಬಡಿತ ಉಳಿದ 23 ತಾಸು ನಿಮಿಷಕ್ಕೆ ಹತ್ತು ಇಳಿದರೆ 13,800 ಉಳಿತಾಯ. ಜಿಪುಣನೂ ಓಡಲೇಬೇಕು!

ಈಗ ನನಗೆ ತುಂಬಾ ಇಷ್ಟದ ಭಾಗ, ರಕ್ತನಾಳ. ವಿಜಯಪುರದವರಿಗೆ ಇದನ್ನು ಹೇಳುವುದು ಸುಲಭ, ಯಾಕಂದರೆ ಅದರ ಮಾದರಿ ನಮ್ಮ ಊರಲ್ಲೇ ನಿಂತಿದೆ. ಆದಿಲ್‌ಶಾಹಿಗಳು ಬೇಗಂ ತಲಾಬಿನಂಥ ಕೆರೆಗಳಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅನ್ನುವ ಎತ್ತರದ ಗೋಪುರ ಕಟ್ಟಿದರು. ಎಷ್ಟೋ ಜನ ದಿನಾ ಅದರ ಪಕ್ಕದಲ್ಲೇ ಬೈಕ್ ಓಡಿಸುತ್ತಾರೆ, ಅದೇನು ಅಂತ ಕೇಳಿದರೆ ಕಾವಲು ಗೋಪುರ ಅನ್ನುತ್ತಾರೆ. ಅಲ್ಲ ಮಾರಾಯರೇ. ಕೊಳವೆಯ ನೀರಿನ ಒತ್ತಡ ತಗ್ಗಿಸಲು, ಕೆಸರು ತಳಕ್ಕೆ ಕೂರಲು ಕಟ್ಟಿದ್ದು. ನೀರು ಜೋರಾಗಿ ಬಂದರೆ ಗಂಜ್‌ನೊಳಗೆ ಮೇಲೇರುತ್ತದೆ, ಕೊಳವೆ ಒಡೆಯುವುದಿಲ್ಲ.

ಹೃದಯದಿಂದ ಹೊರಡುವ ಮಹಾಧಮನಿ ನಮ್ಮ ಮೈಯೊಳಗಿನ ಗಂಜ್. ಹೃದಯ ರಕ್ತವನ್ನು ಒಂದೇ ಸಮ ಹರಿಸುವುದಿಲ್ಲ, ದಬ್ಬುತ್ತದೆ, ಬಿಡುತ್ತದೆ. ದಬ್ಬಿದಾಗ ಮಹಾಧಮನಿ ಉಬ್ಬಿ ಒಂದಿಷ್ಟು ರಕ್ತ ಹಿಡಿದಿಟ್ಟುಕೊಳ್ಳುತ್ತದೆ, ಹೃದಯ ಬಿಟ್ಟಾಗ ಕುಗ್ಗಿ ಅದನ್ನು ಮುಂದಕ್ಕೆ ಕಳಿಸುತ್ತದೆ. ಹಾಗಾಗಿ ಬಡಿತದ ನಡುವೆಯೂ ಹರಿವು ನಿಲ್ಲುವುದಿಲ್ಲ. ಆದರೆ ಈ ಉಬ್ಬುವ ಗುಣ ವಯಸ್ಸಾದಂತೆ ಕಮ್ಮಿಯಾಗುತ್ತದೆ. ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ಹಳೆ ಡ್ರಿಪ್ ಪೈಪ್ ಮುಟ್ಟಿ ನೋಡಿ. ಹೊಸದಿದ್ದಾಗ ಬಳುಕುತ್ತಿತ್ತು, ಬಿಸಿಲು ತಿಂದು ಸೆಟೆದಿರುತ್ತದೆ. ಸೆಟೆದ ನಾಳದಲ್ಲಿ ನಾಡಿಯ ಅಲೆ ಬೇಗ ಓಡುತ್ತದೆ, ಆ ವೇಗ ಅಳೆದೇ ನಾಳ ಎಷ್ಟು ಗಡುಸಾಗಿದೆ ಅಂತ ಹೇಳಬಹುದು.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದರು. 3ರಿಂದ 5 ವರ್ಷದ 400ಕ್ಕೂ ಹೆಚ್ಚು ಮಕ್ಕಳನ್ನು ಮೂರು ವರ್ಷ ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಾಸ್ತಿ ಓಡಾಡುವ ಮಕ್ಕಳ ನಾಳ ಗಡುಸಾಗುವುದು ನಿಧಾನವಾಗಿತ್ತು. ಟ್ರೆಡ್‌ಮಿಲ್ ಮೇಲೆ ಅವರು ಹೆಚ್ಚು ಹೊತ್ತು ನಿಂತರು, ಆಮೇಲೆ ಬಡಿತವೂ ಬೇಗ ಇಳಿಯಿತು. ಅಂಗನವಾಡಿಗೆ ಹೋಗುವ ವಯಸ್ಸಿನಲ್ಲೇ ಈ ವ್ಯತ್ಯಾಸ! ಹೃದಯದ ರೋಗ ಮುದುಕರದ್ದು ಅನ್ನುವವರಿಗೆ ಇನ್ನೊಂದು ಮಾತು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಕೊಯ್ದು ನೋಡಿದ ವೈದ್ಯರು 1953ರಲ್ಲಿ ವರದಿ ಬರೆದರು. ಸರಾಸರಿ ವಯಸ್ಸು 22. ನಾಲ್ಕರಲ್ಲಿ ಮೂರಕ್ಕಿಂತ ಜಾಸ್ತಿ ಹೃದಯಗಳ ರಕ್ತನಾಳದಲ್ಲಿ ಆಗಲೇ ರೋಗದ ಗುರುತಿತ್ತು.

ಓಡಿದರೆ ನಾಳಕ್ಕೆ ಏನಾಗುತ್ತದೆ? ರಕ್ತ ರಭಸದಿಂದ ಹರಿದು ಒಳಗೋಡೆಯನ್ನು ಉಜ್ಜುತ್ತದೆ. ಆ ಗೋಡೆಯ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುತ್ತವೆ, ನಾಳ ಸಡಿಲಾಗುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದವರಿಗೆ 1998ರ ನೊಬೆಲ್ ಬಂತು. ಮುತ್ಯಾನ ಅಂಗಿ ಜೇಬಿನಲ್ಲಿ ಇರುತ್ತದಲ್ಲ, ಎದೆ ಹಿಡಿದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಗುಳಿಗೆ, ಅದೂ ಮೈಯಲ್ಲಿ ಇದೇ ನೈಟ್ರಿಕ್ ಆಕ್ಸೈಡ್ ಆಗಿ ಕೆಲಸ ಮಾಡುತ್ತದೆ. ಪಾರಿವಾಳದ ಹಿಂದೆ ಓಡುವ ಕೂಸು ಅದನ್ನು ಪುಕ್ಕಟೆಯಾಗಿ ತಯಾರಿಸಿಕೊಳ್ಳುತ್ತಿದೆ.

ವಿಶ್ವ ಆರೋಗ್ಯ ಸಂಸ್ಥೆ 3-4 ವರ್ಷದವರಿಗೆ ದಿನಕ್ಕೆ 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥದ್ದಿರಲಿ ಅನ್ನುತ್ತದೆ. ಕೂತು ಪರದೆ ನೋಡುವುದು ಒಂದು ತಾಸು ಮೀರಬಾರದು. ಮೂರು ತಾಸು ಅಂದರೆ ಹೌಹಾರಬೇಡಿ, ಒಂದೇ ಸಲ ಆಗಬೇಕಿಲ್ಲ. ಮಕ್ಕಳು ಹೇಗೂ ತುಣುಕು ತುಣುಕಾಗಿಯೇ ಓಡುತ್ತಾರೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ಬೇಡ.

ಹಾಗಂತ ಎಲ್ಲ ಸುಸ್ತೂ ಒಂದೇ ಅಲ್ಲ. ಓಡುವಾಗ ಎಚ್ಚರ ತಪ್ಪಿ ಬಿದ್ದರೆ, ತುಟಿ ನೀಲಿಯಾದರೆ, ಎದೆ ನೋವು ಅಂದರೆ, ದೃಷ್ಟಿ ಗಿಷ್ಟಿ ಅನ್ನದೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.

ಇಷ್ಟನ್ನೂ ಆಯಿಗೆ ಹುಲ್ಲಿನ ಮೇಲೇ ಕೂತು ಹೇಳಿದೆ. ಗಂಜ್‌ನ ಕಥೆ ಬರುವಷ್ಟರಲ್ಲಿ ಕೂಸು ಮೊಬೈಲ್ ಬಿಸಾಕಿ ಮತ್ತೆ ಪಾರಿವಾಳದ ಹಿಂದೆ ಹೋಗಿತ್ತು. ಆಯಿ ಈ ಸಲ ಕರೆಯಲಿಲ್ಲ. ಬಳೆ ಮೇಲೆ ಸರಿಸಿ ಕೈ ಮುಂದೆ ಚಾಚಿದಳು. "ನಂದೆಷ್ಟ ಬರ್ತದ ನೋಡು." 15 ಸೆಕೆಂಡಿಗೆ 21.