‘ವರ್ಚುವಲ್ ಲೈಬ್ರರಿ ಬೋಧನೆ’ ಎಂದರೆ ಪಾಸ್‌ವರ್ಡ್ ಹಂಚುವುದಲ್ಲ

ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್-ಲಿಸ್ಟ್ ಯೋಜನೆಯ ಲಾಗಿನ್ ಪಡೆಯುವ ಕ್ರಮದ ಒಂದು ಪಿಡಿಎಫ್ ಹಾಕಿ, ವರ್ಷದ ಕೊನೆಯ ವರದಿಯಲ್ಲಿ ‘ವರ್ಚುವಲ್ ಲೈಬ್ರರಿ ಬೋಧನೆ ನೀಡಲಾಯಿತು’ ಎಂದು ಬರೆಯುವುದು ಈಗ ಎಷ್ಟು ರೂಢಿಯಾಗಿದೆಯೆಂದರೆ, ಆ ಮಾತಿಗೆ ಬೇರೆ ಅರ್ಥವಿದೆ ಎಂದರೆ ಜನ ಮುಖ ನೋಡುತ್ತಾರೆ. ಬೇರೆ ಅರ್ಥವೇ ಇದೆ.

ತಕರಾರು ಶುರುವಾಗುವುದು ‘ವರ್ಚುವಲ್’ನಿಂದ. ಅದು ಆನ್‌ಲೈನ್‌ನ ಇನ್ನೊಂದು ಹೆಸರು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಲ್ಯಾಟಿನ್ನಿನ ‘ವಿರ್’ ಎಂದರೆ ಗಂಡಸು; ನಮ್ಮ ‘ವೀರ’ ಅದರ ಹತ್ತಿರದ ನೆಂಟ. ಅದರಿಂದ ‘ವಿರ್ಟುಸ್’, ಅಂದರೆ ಪರಾಕ್ರಮ, ಕಸುವು, ಗುಣ. ಮಧ್ಯಯುಗದ ‘ವಿರ್ಟುವಾಲಿಸ್’ ಆ ಕಸುವುಳ್ಳದ್ದು. ಇಂಗ್ಲಿಷಿಗೆ ಬಂದ ಮೇಲೆ ‘ಹೆಸರಿಗೆ ಅದಲ್ಲ, ಕೆಲಸದಲ್ಲಿ ಮಾತ್ರ ಅದೇ’ ಎಂಬ ಅರ್ಥ ನಿಂತಿತು. ಕಂಪ್ಯೂಟರಿನವರು ಎತ್ತಿಕೊಂಡದ್ದೂ ಇದನ್ನೇ: ವರ್ಚುವಲ್ ಮೆಮೊರಿಯಲ್ಲಿ ಡಿಸ್ಕಿನ ಜಾಗ ಮೆಮೊರಿಯ ಕೆಲಸಕ್ಕೆ ನಿಲ್ಲುತ್ತದೆ. ಆ ಕೆಲಸ ಮಾಡದಿದ್ದರೆ ಅದು ಬರೀ ಡಿಸ್ಕು.

ಹಾಗಾದರೆ ವರ್ಚುವಲ್ ಲೈಬ್ರರಿ ಎನ್ನಿಸಿಕೊಳ್ಳಬೇಕಾದದ್ದು ಲೈಬ್ರರಿಯ ಕೆಲಸವನ್ನೆಲ್ಲ ಮಾಡಬೇಕು. ಪುಸ್ತಕ ಇಟ್ಟಿರುವುದು ಅದರಲ್ಲಿ ಅರ್ಧ ಮಾತ್ರ. ಉಳಿದರ್ಧ, ಕೌಂಟರಿನಲ್ಲಿ ಕೂತು ‘ಯಾವ ವಿಷಯಕ್ಕಮ್ಮ?’ ಎಂದು ಕೇಳುವ ಮನುಷ್ಯ. 1991ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಆರಂಭಿಸಿದ ವರ್ಲ್ಡ್ ವೈಡ್ ವೆಬ್ ವರ್ಚುವಲ್ ಲೈಬ್ರರಿ ನೋಡಲಿಕ್ಕೆ ಲಿಂಕುಗಳ ಪಟ್ಟಿಯೇ. ಆದರೆ ಅಲ್ಲಿ ಆಯಾ ವಿಷಯ ಬಲ್ಲ ಸ್ವಯಂಸೇವಕರು ಕೂತು ಆರಿಸುತ್ತಿದ್ದರು.

ಇನ್ನು ‘ಬೋಧನೆ’. ಲಾಗಿನ್ ಎಲ್ಲಿದೆ, ಯಾವ ಗುಂಡಿ ಒತ್ತಬೇಕು ಎಂದು ತೋರಿಸುವುದಕ್ಕೆ ಓರಿಯೆಂಟೇಶನ್ ಎನ್ನುತ್ತಾರೆ. ಅದೂ ಬೇಕು, ಹತ್ತು ನಿಮಿಷ ಸಾಕು. ಹುಡುಕುವುದನ್ನು ಕಲಿಸಿದರೆ ಮಾತ್ರ ಬೋಧನೆ.

ಸಿರುಗುಪ್ಪದ ಒಬ್ಬ ವಿದ್ಯಾರ್ಥಿನಿ ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು (ಉಪ್ಪೇರಿದ, ನೀರು ನಿಂತು ಕೆಟ್ಟ) ಭೂಮಿಯ ಬಗ್ಗೆ ಪ್ರಾಜೆಕ್ಟ್ ಮಾಡುತ್ತಾಳೆ ಎನ್ನಿ. ಪ್ರಾಜೆಕ್ಟಿನ ಶೀರ್ಷಿಕೆಯನ್ನು ಇಡಿಯಾಗಿ ಹುಡುಕುಪೆಟ್ಟಿಗೆಗೆ ಸುರಿದರೆ ಏನೂ ಸಿಗುವುದಿಲ್ಲ; ‘ಎನ್-ಲಿಸ್ಟ್‌ನಲ್ಲಿ ಏನೂ ಇಲ್ಲ ಸರ್’ ಎಂಬ ದೂರು ಬರುತ್ತದೆ. ಅವಳಿಗೆ ಹೇಳಿಕೊಡಬೇಕಾದದ್ದು ಇದು: ಸವಳಿಗೆ ‘ಸಾಯಿಲ್ ಸಲೈನಿಟಿ’, ಜವಳಿಗೆ ‘ವಾಟರ್‌ಲಾಗಿಂಗ್’, ಅಚ್ಚುಕಟ್ಟಿಗೆ ‘ಕಮಾಂಡ್ ಏರಿಯಾ’. ಒಂದೇ ವಿಷಯದ ಬೇರೆ ಬೇರೆ ಹೆಸರುಗಳ ನಡುವೆ ‘ಆರ್’ (OR), ಬೇರೆ ಬೇರೆ ವಿಷಯಗಳ ನಡುವೆ ‘ಆ್ಯಂಡ್’ (AND) ಹಾಕಬೇಕು. ಊರಿನ ಹೆಸರಿನಲ್ಲೂ ಎಚ್ಚರ ಬೇಕು: ಸಿರುಗುಪ್ಪದ ಜಿಲ್ಲಾಕೇಂದ್ರದ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ‘ಬಳ್ಳಾರಿ’ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಲೇಖನ ಬೇಕಾದರೆ ‘ಬೆಲ್ಲಾರಿ’ ಎಂಬ ಹಳೆಯ ಕಾಗುಣಿತವನ್ನೂ ಸೇರಿಸಬೇಕು. ಕಲಬುರಗಿಯವರಿಗೆ ‘ಗುಲ್ಬರ್ಗ’, ವಿಜಯಪುರದವರಿಗೆ ‘ಬಿಜಾಪುರ’. ಹೊಸಪೇಟೆಯವರಿಗೆ ಎರಡು ಸಲ ಕಷ್ಟ: ಊರಿನ ಕಾಗುಣಿತವೂ ಬದಲಾಗಿದೆ, 2021ರಲ್ಲಿ ಜಿಲ್ಲೆಯೂ ಬೇರೆಯಾಗಿದೆ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಒಂದು ಪ್ರಬಂಧ ಸಿಕ್ಕರೆ ಮೊದಲು ಅದರ ಕೊನೆಯ ಆಕರಪಟ್ಟಿ ಓದಬೇಕು, ಅರ್ಧ ಹುಡುಕಾಟ ಅಲ್ಲಿಯೇ ಮುಗಿದಿರುತ್ತದೆ. ಇದನ್ನೆಲ್ಲ ಯಾವ ಲಾಗಿನ್ನೂ ತಾನಾಗಿ ಹೇಳುವುದಿಲ್ಲ.

ಅವಕಾಶ ಹೆಚ್ಚಿದಷ್ಟೂ ಈ ಕೊರತೆ ಎದ್ದು ಕಾಣುತ್ತದೆ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ತೆರೆದಿವೆ. ಅಷ್ಟರಲ್ಲಿ ತನಗೆ ಬೇಕಾದ ನಾಲ್ಕು ಲೇಖನ ಯಾವುವು ಎಂದು ಎರಡನೇ ಸೆಮಿಸ್ಟರಿನ ಹುಡುಗನಿಗೆ ಹೇಗೆ ಗೊತ್ತಾಗಬೇಕು?

ವಿದೇಶದ ವಿಶ್ವವಿದ್ಯಾಲಯಗಳಲ್ಲಿ ‘ಎಂಬೆಡೆಡ್ ಲೈಬ್ರರಿಯನ್’ ಎನ್ನುತ್ತಾರೆ: ಆನ್‌ಲೈನ್ ಕೋರ್ಸಿನ ಒಳಗೇ ಗ್ರಂಥಪಾಲಕರೂ ಸೇರಿಕೊಂಡಿರುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡ ಹೆಸರೂ ಬೇಡ. ಗೂಗಲ್ ಕ್ಲಾಸ್‌ರೂಮಿಗೆ ಗ್ರಂಥಪಾಲಕರನ್ನು ಸೇರಿಸಿ, ಅಸೈನ್‌ಮೆಂಟ್ ಕೊಟ್ಟ ವಾರವೇ ಒಂದು ಗಂಟೆ ಬಿಟ್ಟುಕೊಟ್ಟರೆ ಸಾಕು. ಜೂನ್‌ನಲ್ಲಿ ಹೇಳಿದ್ದು ಅಕ್ಟೋಬರ್‌ನ ಅಸೈನ್‌ಮೆಂಟಿಗೆ ಯಾರಿಗೂ ನೆನಪಿರುವುದಿಲ್ಲ. ಅಂಥ ಗಂಟೆ ವೇಳಾಪಟ್ಟಿಯಲ್ಲಿ ಇಲ್ಲದ ಕಡೆ, ವರದಿಯಲ್ಲಿ ‘ಲಾಗಿನ್ ವಿವರ ಕಳಿಸಲಾಯಿತು’ ಎಂದು ಬರೆಯಬಹುದು.